ದುರ್ವಾಸನೆ ಮರದಿಂದ ಡ್ರಿಪ್ ಬಾಟಲಿಗೆ: ಗಿಡದ ವಿಷ ಕ್ಯಾನ್ಸರ್ ಔಷಧ ಆಗಿದ್ದು ಹೇಗೆ?

ಇದು ನಮ್ಮ ವಿಜ್ಞಾನ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹ ರೂಪ. ಬಸ್ಸಲ್ಲಿ ಇಯರ್‌ಫೋನ್ ಮರೆತವರು ಓದಿ, ಓದೋಕೆ ಬೇಜಾರಾದವರು ಮೇಲಿನ ಪ್ಲೇ ಬಟನ್ ಒತ್ತಿ.

ಇವತ್ತು ಒಂದು ಮನೆ ಕಥೆಯಿಂದ ಶುರು ಮಾಡ್ತೀನಿ.

ನಮ್ಮ ಸೋದರತ್ತೆ ಘಟ್ಟದ ಮೇಲಿನ ಒಂದು ಹಳ್ಳಿಯವರು. ಮನೆ ಹಿಂದೆ ಅಡಿಕೆ ತೋಟ, ತೋಟದ ಹಿಂದೆ ಕಾಡು. ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯ್ತು. ಎರಡು ವಾರಕ್ಕೊಮ್ಮೆ ಡ್ರಿಪ್. ಎರಡನೇ ಡ್ರಿಪ್ ಆದ ಮೇಲೆ ವಿಪರೀತ ಭೇದಿ. ನೀರು ಕುಡಿದ್ರೂ ನಿಲ್ತಿರಲಿಲ್ಲ. ಮೂರನೇ ಡ್ರಿಪ್‌ಗೆ ಹೋಗೋ ಹಿಂದಿನ ದಿನ ನನ್ನನ್ನ ಕರೆದು, "ಸಾಕು ಮಾರಾಯ, ಈ ಕೆಮಿಕಲ್ ನಂಗೆ ಬೇಡ. ಯಾರೋ ಗಿಡಮೂಲಿಕೆ ಕೊಡ್ತಾರಂತೆ, ಅಲ್ಲಿಗೆ ಕರ್ಕೊಂಡು ಹೋಗು. ಗಿಡದ್ದಾದ್ರೆ ಸೈಡ್ ಎಫೆಕ್ಟ್ ಇರಲ್ಲ" ಅಂದ್ರು. ಅದೇ ಹೊತ್ತಿಗೆ ಮನೆ ವಾಟ್ಸ್ಆ್ಯಪ್ ಗ್ರೂಪಲ್ಲಿ ಲಕ್ಷ್ಮಣ ಫಲದ ಫಾರ್ವರ್ಡ್ ಬೇರೆ ಬಂದಿತ್ತು. ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿಯಂತೆ!

ನಾನು ಡಿಸ್ಚಾರ್ಜ್ ಚೀಟಿ ತೆಗೆದು ಔಷಧದ ಹೆಸರು ನೋಡಿದೆ. ಇರಿನೋಟೆಕಾನ್. ಅತ್ತೆ ಬೇಡ ಅಂತಿದ್ದ ಆ 'ಕೆಮಿಕಲ್' ಹುಟ್ಟಿದ್ದು ಒಂದು ಮರದಿಂದ. ಅದೇ ವಸ್ತು ಇರೋ ಇನ್ನೊಂದು ಮರ ನಮ್ಮ ಪಶ್ಚಿಮ ಘಟ್ಟದಲ್ಲೇ ಬೆಳೆಯುತ್ತೆ. ನಮ್ಮ ಕಡೆ ಅದಕ್ಕೆ ದುರ್ವಾಸನೆ ಮರ ಅಂತಾರೆ.

ಹಾಗಾದ್ರೆ ಗಿಡದಿಂದ ಬಂದ ಔಷಧಿಯೇ ಅಷ್ಟು ಹಿಂಸೆ ಕೊಡ್ತಿದೆ ಅಂದ್ರೆ, "ಗಿಡದ್ದಾದ್ರೆ ಸೌಮ್ಯ" ಅನ್ನೋ ಮಾತು ಎಷ್ಟು ನಿಜ? ವಿಜ್ಞಾನಿಗಳು ಅದನ್ನ ನಿಜಕ್ಕೂ ಸೌಮ್ಯ ಮಾಡೋಕೆ ಏನೇನು ಮಾಡಿದ್ದಾರೆ? ಇದೇ ಇವತ್ತಿನ ವಿಷಯ.

ಗಿಡ ಔಷಧಿ ಮಾಡಲ್ಲ, ವಿಷ ಮಾಡುತ್ತೆ

ಮೊದಲು ಒಂದು ಮಾತು ಸ್ಪಷ್ಟ ಮಾಡ್ಕೊಳ್ಳೋಣ. ಗಿಡಕ್ಕೆ ಓಡೋಕೆ ಕಾಲಿಲ್ಲ, ಕಚ್ಚೋಕೆ ಹಲ್ಲಿಲ್ಲ. ಹುಳ ಬಂದು ಎಲೆ ತಿಂದ್ರೆ ಅದಕ್ಕಿರೋ ದೊಡ್ಡ ದಾರಿ ಅಂದ್ರೆ ರಸಾಯನಶಾಸ್ತ್ರ. ತನ್ನೊಳಗೆ ಕಹಿ, ವಿಷ ತುಂಬಿಕೊಳ್ಳೋದು. ನಾವು ಇವತ್ತು ಕ್ಯಾನ್ಸರ್‌ಗೆ ಬಳಸೋ ಸಸ್ಯಮೂಲದ ಔಷಧಗಳಲ್ಲಿ ಮುಖ್ಯವಾದವೆಲ್ಲ ಇಂಥ ಜೀವಕೋಶ ಕೊಲ್ಲೋ ವಸ್ತುಗಳೇ.

ನಮ್ಮ ಮನೆ ಮುಂದೆ ಬೆಳೆಯೋ ನಿತ್ಯಪುಷ್ಪ ಗೊತ್ತಲ್ಲ? ಕೆಲವರು ಕಾಶಿ ಕಣಗಿಲೆ ಅಂತಾರೆ. ಅದರ ತವರು ಮಡಗಾಸ್ಕರ್. ಜಮೈಕಾದಲ್ಲಿ ಅದರ ಎಲೆ ಕಷಾಯವನ್ನ ಸಕ್ಕರೆ ಕಾಯಿಲೆಗೆ ಕುಡೀತಿದ್ರು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನ ಪರೀಕ್ಷೆ ಮಾಡಿದಾಗ ಸಕ್ಕರೆ ಪ್ರಮಾಣ ಏನೂ ಇಳೀಲಿಲ್ಲ. ಆದ್ರೆ ಪ್ರಾಣಿಗಳ ರಕ್ತದಲ್ಲಿ ಬಿಳಿ ರಕ್ತಕಣ ಕುಸಿದುಬಿಟ್ಟಿತ್ತು. ಬಿಳಿ ರಕ್ತಕಣ ವಿಪರೀತ ಹೆಚ್ಚೋ ಕಾಯಿಲೆಗೆ ಇದೇ ಮದ್ದು ಆಗಬಹುದಲ್ವಾ ಅನ್ನೋ ಯೋಚನೆ ಹುಟ್ಟಿದ್ದು ಹೀಗೆ. ಅಲ್ಲಿಂದ ವಿನ್‌ಬ್ಲಾಸ್ಟಿನ್ ಸಿಕ್ತು, ಆಮೇಲೆ ವಿನ್‌ಕ್ರಿಸ್ಟಿನ್. ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇವತ್ತಿಗೂ ಬೇಕೇ ಬೇಕು. ಆದ್ರೆ ಅದು ನರಗಳಿಗೆ ಪೆಟ್ಟು ಕೊಡುತ್ತೆ, ಕೈಕಾಲು ಜೋಮು ಹಿಡಿಸುತ್ತೆ. ಹೂವು ನೋಡೋಕೆ ಮುದ್ದು, ಒಳಗಿನ ರಸ ಮುದ್ದಲ್ಲ.

ಒಂದು ಸಾವಿರ ಸ್ಯಾಂಪಲ್, ಒಂದೇ ಮರ

ಈಗ ಅತ್ತೆಯ ಔಷಧಿಗೆ ಬರೋಣ.

1950ರ ದಶಕದ ಅಮೆರಿಕ. ಮನ್ರೋ ವಾಲ್ ಅನ್ನೋ ರಸಾಯನ ವಿಜ್ಞಾನಿ ಅಲ್ಲಿನ ಕೃಷಿ ಇಲಾಖೆಯಲ್ಲಿ ಕೆಲಸ ಮಾಡ್ತಿದ್ರು. ಹುಡುಕ್ತಿದ್ದದ್ದು ಕ್ಯಾನ್ಸರ್ ಔಷಧಿ ಅಲ್ಲ, ಕಾರ್ಟಿಸೋನ್ ಅನ್ನೋ ಸ್ಟಿರಾಯ್ಡ್ ತಯಾರಿಸೋಕೆ ಬೇಕಾದ ಕಚ್ಚಾ ವಸ್ತು. ಅದಕ್ಕೆ ಸಾವಿರಾರು ಗಿಡಗಳ ರಸ ತೆಗೆದು ಇಟ್ಟಿದ್ರು. ಅದರಲ್ಲಿ ಸುಮಾರು ಒಂದು ಸಾವಿರ ಸ್ಯಾಂಪಲ್‌ಗಳನ್ನ ಕ್ಯಾನ್ಸರ್ ಪರೀಕ್ಷೆಗೂ ಕಳಿಸಿದ್ರು. ಗಟ್ಟಿಯಾಗಿ ಕೆಲಸ ಮಾಡಿದ್ದು ಒಂದೇ ಒಂದು, ಚೀನಾ ಮೂಲದ ಕ್ಯಾಂಪ್ಟೊಥೆಕಾ ಅನ್ನೋ ಮರ. ಚೀನೀ ಭಾಷೆಯಲ್ಲಿ ಅದರ ಹೆಸರಿನ ಅರ್ಥ 'ಸಂತೋಷದ ಮರ'.

ಆಮೇಲೆ ವಾಲ್ ಉತ್ತರ ಕರೊಲಿನಾದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್ ಸೇರಿದ್ರು. ಅಲ್ಲಿ ಅವರ ಜೊತೆಯಾದವರು ಮನ್ಸುಖ್ ವಾನಿ, ಮಹಾರಾಷ್ಟ್ರದ ನಂದೂರ್‌ಬಾರ್‌ನಲ್ಲಿ ಹುಟ್ಟಿದವರು. ಇವರ ತಂಡ 1966ರಲ್ಲಿ ಆ ಮರದ ಒಳಗಿನ ವಸ್ತುವಿನ ರಚನೆ ಪ್ರಕಟಿಸಿತು. ಹೆಸರು ಕ್ಯಾಂಪ್ಟೊಥೆಸಿನ್. ಇದೇ ಜೋಡಿ 1971ರಲ್ಲಿ ಯೂ ಮರದ ತೊಗಟೆಯಿಂದ ಟ್ಯಾಕ್ಸಾಲ್ ರಚನೆಯನ್ನೂ ಕೊಟ್ಟಿತು. ಸ್ತನ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇವತ್ತು ಪ್ರತಿದಿನ ಬಳಕೆಯಾಗೋ ಔಷಧಿ ಅದು. ಒಂದೇ ಲ್ಯಾಬ್, ಎರಡು ದೊಡ್ಡ ಔಷಧಿ.

ಮೊದಲ ಪ್ರಯತ್ನ ಯಾಕೆ ಕೆಟ್ಟಿತು?

ಕ್ಯಾಂಪ್ಟೊಥೆಸಿನ್‌ಗೆ ಒಂದು ತೊಂದರೆ. ನೀರಲ್ಲಿ ಕರಗಲ್ಲ. ಕರಗದೇ ಇದ್ರೆ ಡ್ರಿಪ್ ಹಾಕೋದು ಹೇಗೆ? ಅದರ ರಚನೆಯಲ್ಲಿ ಒಂದು ಉಂಗುರ ಇದೆ. ಆ ಉಂಗುರವನ್ನ ಬಿಚ್ಚಿ ಉಪ್ಪಿನ ರೂಪಕ್ಕೆ ತಂದ್ರೆ ಚೆನ್ನಾಗಿ ಕರಗುತ್ತೆ. ಹಾಗೇ ಮಾಡಿ 1970ರ ಆಸುಪಾಸಿನಲ್ಲಿ ರೋಗಿಗಳಿಗೆ ಕೊಟ್ರು.

ಎಡವಟ್ಟಾಯ್ತು. ಉಂಗುರ ಬಿಚ್ಚಿದ ರೂಪಕ್ಕೆ ಕ್ಯಾನ್ಸರ್ ಮೇಲೆ ಹೆಚ್ಚು ಶಕ್ತಿ ಇರಲಿಲ್ಲ. ಆದ್ರೆ ದೇಹದಿಂದ ಹೊರಗೆ ಹೋಗೋವಾಗ, ಮೂತ್ರದ ಆಮ್ಲೀಯ ವಾತಾವರಣದಲ್ಲಿ ಉಂಗುರ ಮತ್ತೆ ಕೂಡಿಕೊಳ್ತು. ಅಂದ್ರೆ ಕೆಲಸ ಮಾಡಬೇಕಾದ ಜಾಗದಲ್ಲಿ ಔಷಧಿ ನಿದ್ದೆ, ಮೂತ್ರಕೋಶಕ್ಕೆ ಹೋದ ಮೇಲೆ ಎಚ್ಚರ! ರೋಗಿಗಳಿಗೆ ಮೂತ್ರದಲ್ಲಿ ರಕ್ತ ಹೋಗೋಕೆ ಶುರುವಾಯ್ತು. ಪ್ರಯೋಗ ನಿಲ್ಲಿಸಬೇಕಾಯ್ತು. ಸುಮಾರು ಹತ್ತು ಹನ್ನೆರಡು ವರ್ಷ ಈ ವಸ್ತು ಮೂಲೆ ಸೇರಿತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಗಿಡದ ರಸದಲ್ಲಿದ್ದ ಅಸಲಿ ವಸ್ತು, ಬರೀ ಒಂದು ಉಂಗುರ ಬಿಚ್ಚಿದ್ದಕ್ಕೆ ಇಷ್ಟು ಅನಾಹುತ. ಎಲೆ ಜಜ್ಜಿ ಕುಡಿದ್ರೆ ಎಷ್ಟು ಮಿಲಿಗ್ರಾಂ ಒಳಗೆ ಹೋಯ್ತು, ಯಾವ ರೂಪದಲ್ಲಿ ಹೋಯ್ತು ಅಂತ ಯಾರು ಲೆಕ್ಕ ಇಡ್ತಾರೆ?

ಹುರಿಗಟ್ಟಿದ ಹಗ್ಗ

1985ರಲ್ಲಿ ಕಥೆ ತಿರುಗಿತು. ಈ ವಸ್ತು ಜೀವಕೋಶದ ಒಳಗೆ ಏನು ಮಾಡುತ್ತೆ ಅಂತ ಆ ವರ್ಷ ಗೊತ್ತಾಯ್ತು.

ಎರಡು ಎಳೆ ಹೊಸೆದ ಹಗ್ಗ ತಗೊಳ್ಳಿ. ಒಂದು ತುದಿಯಿಂದ ಎಳೆಗಳನ್ನ ಬಿಡಿಸ್ತಾ ಹೋಗಿ. ಮುಂದಿನ ಭಾಗ ಇನ್ನೂ ಬಿಗಿಯಾಗಿ ಹುರಿಗಟ್ಟುತ್ತೆ, ಒಂದು ಹಂತದಲ್ಲಿ ಬಿಡಿಸೋಕೇ ಆಗಲ್ಲ. ನಮ್ಮ ಡಿಎನ್‌ಎ ಕೂಡ ಹೀಗೇ. ಜೀವಕೋಶ ಎರಡಾಗೋ ಮೊದಲು ಡಿಎನ್‌ಎ ನಕಲು ಆಗಬೇಕು, ಅದಕ್ಕೆ ಎಳೆ ಬಿಡಿಸಬೇಕು. ಆಗ ಟೋಪೋಐಸೋಮರೇಸ್-1 ಅನ್ನೋ ಕಿಣ್ವ ಬಂದು, ಒಂದು ಎಳೆಯನ್ನ ಕತ್ತರಿಸಿ, ಹುರಿ ಸಡಿಲ ಮಾಡಿ, ಮತ್ತೆ ಅಂಟಿಸುತ್ತೆ. ಕಣ್ಣು ಮಿಟುಕಿಸೋದ್ರೊಳಗೆ ನಡೆಯೋ ಕೆಲಸ.

ಕ್ಯಾಂಪ್ಟೊಥೆಸಿನ್ ಹೋಗಿ ಸರಿಯಾಗಿ ಆ ಕತ್ತರಿಸಿದ ಜಾಗದಲ್ಲಿ ತೂರಿಕೊಳ್ಳುತ್ತೆ. ಅಂಟಿಸೋಕೆ ಬಿಡಲ್ಲ. ಅಷ್ಟರಲ್ಲಿ ನಕಲು ಮಾಡೋ ಯಂತ್ರ ಹಿಂದಿನಿಂದ ಬಂದು ಡಿಕ್ಕಿ ಹೊಡೆಯುತ್ತೆ. ಒಂದು ಎಳೆಯ ಬಿರುಕು ಎರಡೂ ಎಳೆಯ ತುಂಡಾಗುತ್ತೆ. ಜೀವಕೋಶ ಸಾಯುತ್ತೆ.

ವೇಗವಾಗಿ ಎರಡಾಗ್ತಿರೋ ಜೀವಕೋಶಕ್ಕೆ ಈ ಪೆಟ್ಟು ಜಾಸ್ತಿ. ಕ್ಯಾನ್ಸರ್ ಜೀವಕೋಶ ಹಾಗೇ ಬೆಳೆಯುತ್ತೆ. ಆದ್ರೆ ನಮ್ಮ ಕೂದಲ ಬುಡ, ಮೂಳೆ ಮಜ್ಜೆ, ಕರುಳಿನ ಒಳಪದರ ಕೂಡ ಹಾಗೇ ಬೆಳೆಯುತ್ತೆ. ಕೀಮೋದಲ್ಲಿ ಕೂದಲು ಉದುರೋದು, ರಕ್ತಕಣ ಕುಸಿಯೋದು, ವಾಂತಿ ಭೇದಿ ಆಗೋದು ಇದಕ್ಕೇ. ಔಷಧಿಗೆ ಶತ್ರು ಯಾರು, ಮನೆಯವರು ಯಾರು ಅಂತ ಗೊತ್ತಾಗಲ್ಲ.

ಅಂದಹಾಗೆ, ಮರ ತನ್ನದೇ ವಿಷಕ್ಕೆ ಸಾಯಲ್ವಾ? ಚೀನಾದ ಆ ಮರದಲ್ಲಿ ಅದೇ ಕಿಣ್ವದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ, ಅದರಿಂದ ವಿಷ ಅಲ್ಲಿ ಕೂರಲ್ಲ ಅಂತ 2008ರಲ್ಲಿ ಜಪಾನ್ ಸಂಶೋಧಕರು ತೋರಿಸಿದ್ರು. ಮರಕ್ಕೆ ಆ ಬಚಾವ್ ಇದೆ. ನಮಗಿಲ್ಲ.

ಯಾಕುಲ್ಟ್ ಕಂಪನಿಯ ಕೀಮೋ

ಈಗ ಗುಟ್ಟು ಗೊತ್ತಾಯ್ತಲ್ಲ, ರಸಾಯನ ವಿಜ್ಞಾನಿಗಳು ಮತ್ತೆ ಕೆಲಸಕ್ಕೆ ಇಳಿದ್ರು. ಮೂಲ ವಸ್ತುವಿನ ಉಂಗುರ ಹಾಗೇ ಇರಲಿ, ಬೇರೆ ಕಡೆ ಸಣ್ಣ ಬದಲಾವಣೆ ಮಾಡಿ ಕರಗೋ ಹಾಗೆ ಮಾಡೋಣ ಅಂತ. ಹೀಗೆ ಬಂದದ್ದು ಟೋಪೋಟೆಕಾನ್ ಮತ್ತು ಇರಿನೋಟೆಕಾನ್. ಎರಡಕ್ಕೂ ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ತು.

ಇರಿನೋಟೆಕಾನ್ ಮಾಡಿದ್ದು ಯಾರು ಗೊತ್ತಾ? ಜಪಾನಿನ ಯಾಕುಲ್ಟ್. ಹೌದು, ಸೂಪರ್ ಮಾರ್ಕೆಟ್ ಫ್ರಿಜ್‌ನಲ್ಲಿ ಆ ಪುಟ್ಟ ಬಾಟಲಿಯ ಹುದುಗಿದ ಹಾಲು ಮಾರ್ತಾರಲ್ಲ, ಅದೇ ಕಂಪನಿ.

ಇರಿನೋಟೆಕಾನ್ ಒಂಥರಾ ಬೀಗ ಹಾಕಿದ ಔಷಧಿ. ದೇಹದೊಳಗೆ ಹೋದ ಮೇಲೆ ಬೀಗ ಬಿಚ್ಚಿ ಎಸ್‌ಎನ್‌-38 ಅನ್ನೋ ವಸ್ತುವಾಗುತ್ತೆ. ಅದು ಮೂಲ ಔಷಧಿಗಿಂತ ನೂರು ಪಟ್ಟಿಗೂ ಹೆಚ್ಚು ಬಲಶಾಲಿ. ಕೆಲಸ ಮುಗಿದ ಮೇಲೆ ಲಿವರ್ ಅದಕ್ಕೆ ಒಂದು ಸಕ್ಕರೆ ತುಣುಕು ಅಂಟಿಸಿ, ನಿಷ್ಕ್ರಿಯ ಮಾಡಿ, ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತೆ. ಸರಿ, ಮುಗೀತು ಅಂದ್ಕೊಂಡ್ರಾ? ಕರುಳಲ್ಲಿರೋ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಅಂದ್ರೆ ಇಷ್ಟ. ಆ ತುಣುಕನ್ನ ಕಿತ್ಕೊಳ್ತವೆ. ವಿಷ ಮತ್ತೆ ಎಚ್ಚರ. ಕರುಳಿನ ಒಳಪದರ ಕಿತ್ತು ಬರುತ್ತೆ.

ಅತ್ತೆಯ ಭೇದಿಗೆ ಕಾರಣ ಇದು. ಔಷಧಿ ತಪ್ಪಾಗಿ ಕೊಟ್ಟಿದ್ದಲ್ಲ, ಅದರ ದಾರಿಯೇ ಹಾಗಿದೆ.

ಇನ್ನೂ ಒಂದು ವಿಷಯ. ಲಿವರ್‌ನಲ್ಲಿ ಆ ಸಕ್ಕರೆ ಅಂಟಿಸೋ ಕಿಣ್ವದ ಹೆಸರು ಯುಜಿಟಿ1ಎ1. ಕೆಲವರಿಗೆ ಹುಟ್ಟಿನಿಂದಲೇ ಈ ಕಿಣ್ವ ನಿಧಾನ. ಅಂಥವರಿಗೆ ಸಾಮಾನ್ಯ ಡೋಸ್ ಕೂಡ ಜಾಸ್ತಿಯಾಗುತ್ತೆ. 2005ರಲ್ಲೇ ಅಮೆರಿಕದ ಔಷಧ ನಿಯಂತ್ರಕರು ಇದನ್ನ ಔಷಧಿಯ ಲೇಬಲ್‌ನಲ್ಲಿ ಸೇರಿಸಿದ್ರು. ರಕ್ತ ಪರೀಕ್ಷೆಯಿಂದ ಈ ಜೀನ್ ನೋಡಬಹುದು, ಡೋಸ್ ಕಡಿಮೆ ಮಾಡಬಹುದು. ಅಂದ್ರೆ ಕೀಮೋದ ವಿಷ ಕಡಿಮೆ ಮಾಡೋಕೆ ಯಾವಾಗಲೂ ಹೊಸ ಔಷಧಿಯೇ ಬೇಕಂತಿಲ್ಲ. ಇದ್ದ ಔಷಧಿಯನ್ನ ಯಾರಿಗೆ ಎಷ್ಟು ಕೊಡಬೇಕು ಅಂತ ಗೊತ್ತಾದ್ರೂ ಅರ್ಧ ಗೆದ್ದ ಹಾಗೆ.

ವಿಳಾಸ ಬರೆದ ಪಾರ್ಸೆಲ್

ಈಗಿನ ದೊಡ್ಡ ಸುದ್ದಿ ಬೇರೆ. ವಿಷವನ್ನ ಮೆತ್ತಗೆ ಮಾಡೋ ಬದಲು, ಸರಿಯಾದ ಮನೆಗೆ ಮಾತ್ರ ತಲುಪಿಸೋಣ ಅನ್ನೋ ಯೋಚನೆ.

ನಮ್ಮ ದೇಹ ರೋಗಾಣುಗಳನ್ನ ಗುರುತಿಸೋಕೆ ಪ್ರತಿಕಾಯ ಮಾಡುತ್ತಲ್ಲ, ಅಂಥ ಪ್ರತಿಕಾಯವನ್ನ ಲ್ಯಾಬಲ್ಲಿ ತಯಾರಿಸ್ತಾರೆ. ಅದು ಕ್ಯಾನ್ಸರ್ ಜೀವಕೋಶದ ಮೇಲೆ ಹೆಚ್ಚಾಗಿರೋ ಒಂದು ಪ್ರೋಟೀನ್ ಹುಡುಕಿ ಅಂಟಿಕೊಳ್ಳುತ್ತೆ. ಈ ಪ್ರತಿಕಾಯಕ್ಕೆ ಕೀಮೋ ಅಣುಗಳನ್ನ ಪೋಣಿಸಿಬಿಡ್ತಾರೆ. ಪ್ರತಿಕಾಯ ಅಂದ್ರೆ ವಿಳಾಸ, ಕೀಮೋ ಅಂದ್ರೆ ಪಾರ್ಸೆಲ್. ಜೀವಕೋಶದ ಬಾಗಿಲು ತಟ್ಟಿ, ಒಳಗೆ ಹೋದ ಮೇಲೆ ಪಾರ್ಸೆಲ್ ಬಿಚ್ಚಿಕೊಳ್ಳುತ್ತೆ.

ಆ ಪಾರ್ಸೆಲ್ ಒಳಗೆ ಏನಿದೆ ಅಂತೀರಾ? ಬಹಳ ಸಲ ನಮ್ಮ ಇದೇ ಮರದ ವಂಶ. ಸ್ಯಾಸಿಟುಜುಮ್ಯಾಬ್ ಗೋವಿಟೆಕಾನ್ ಅನ್ನೋ ಔಷಧಿ ಹೊತ್ತೊಯ್ಯೋದು ಎಸ್‌ಎನ್‌-38ನ್ನೇ. 2020ರಲ್ಲಿ ಒಂದು ಬಗೆಯ ಕಠಿಣ ಸ್ತನ ಕ್ಯಾನ್ಸರ್‌ಗೆ ಅದಕ್ಕೆ ಅನುಮತಿ ಸಿಕ್ತು. ಇನ್ನೊಂದು ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್. ಇದರ ಒಂದೊಂದು ಪ್ರತಿಕಾಯಕ್ಕೆ ಸುಮಾರು ಎಂಟು ಕೀಮೋ ಅಣು ಪೋಣಿಸಿರ್ತಾರೆ. ಆ ಅಣು ಎಕ್ಸಾಟೆಕಾನ್ ಅನ್ನೋ ವಸ್ತುವಿನ ತಮ್ಮ ಇದ್ದ ಹಾಗೆ. ಎಕ್ಸಾಟೆಕಾನ್ ತಾನೇ ಒಂದು ಔಷಧಿಯಾಗಿ ಮಾರುಕಟ್ಟೆಗೆ ಬರೋಕೆ ಆಗಿರಲಿಲ್ಲ. ವಿಳಾಸ ಸಿಕ್ಕಿದ ಮೇಲೆ ಅದರ ವಂಶಕ್ಕೆ ಬೆಲೆ ಬಂತು.

ಫಲಿತಾಂಶ ಹೇಗಿದೆ? 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ದೇಹದ ಬೇರೆ ಕಡೆ ಹರಡಿದ ಸ್ತನ ಕ್ಯಾನ್ಸರ್ ಇದ್ದವರು ಈ ಔಷಧಿಯಲ್ಲಿ ಬದುಕಿದ ಮಧ್ಯಂಕ ಅವಧಿ 23.4 ತಿಂಗಳು, ಮಾಮೂಲಿ ಕೀಮೋದಲ್ಲಿ 16.8 ತಿಂಗಳು. ತೀವ್ರ ಅಡ್ಡಪರಿಣಾಮ ಕಂಡದ್ದು ಶೇ 52.6 ಜನರಲ್ಲಿ, ಮಾಮೂಲಿ ಕೀಮೋದಲ್ಲಿ ಶೇ 67.4 ಜನರಲ್ಲಿ. ಈ ಅಂಕಿಅಂಶ ಹೇಳಿದಾಗ ಷಿಕಾಗೋದ ಸಮ್ಮೇಳನದಲ್ಲಿ ವೈದ್ಯರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು.

ಆದ್ರೆ ಆ ಸಂಖ್ಯೆಯನ್ನ ಇನ್ನೊಮ್ಮೆ ನೋಡಿ. ಕಡಿಮೆಯಾಗಿದೆ, ನಿಜ. ಸೊನ್ನೆಯಾಗಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಈಗಲೂ ಕಷ್ಟಪಟ್ಟಿದ್ದಾರೆ. ಈ ಔಷಧಿಯಲ್ಲಿ ಕೆಲವರಿಗೆ ಶ್ವಾಸಕೋಶದ ಉರಿಯೂತ ಬರುತ್ತೆ, ಅಪರೂಪಕ್ಕೆ ಜೀವಕ್ಕೇ ಅಪಾಯ. ಬೆಲೆಯಂತೂ ಲಕ್ಷಗಳ ಲೆಕ್ಕ. ಹಳೆಯ ಇರಿನೋಟೆಕಾನ್‌ಗೆ ಜೆನೆರಿಕ್ ಇದೆ, ಸಾಮಾನ್ಯ ಆಸ್ಪತ್ರೆಯಲ್ಲೂ ಸಿಗುತ್ತೆ. ಹೊಸದು ಇನ್ನೂ ಹಾಗಲ್ಲ.

ನಮ್ಮ ಘಟ್ಟದ ಮರದ ಪಾಡು

ಈಗ ದುರ್ವಾಸನೆ ಮರಕ್ಕೆ ಬರೋಣ. ಸಸ್ಯಶಾಸ್ತ್ರದ ಹೆಸರು ನೊಥಾಪೊಡೈಟಿಸ್. ಮಹಾರಾಷ್ಟ್ರದಲ್ಲಿ ನರ್ಕ್ಯಾ ಅಂತಾರೆ. ಚಿಕ್ಕ ಮರ, ಎಲೆ ಉಜ್ಜಿದ್ರೆ ಕೆಟ್ಟ ವಾಸನೆ, ಹೂವಿಗೂ ಅದೇ. 1972ರಲ್ಲಿ ಮುಂಬೈನ ಸಿಬಾ ಸಂಶೋಧನಾ ಕೇಂದ್ರದ ಟಿ.ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ ಈ ಮರದಲ್ಲೂ ಕ್ಯಾಂಪ್ಟೊಥೆಸಿನ್ ಇದೆ ಅಂತ ತೋರಿಸಿದ್ರು. ಅದೂ ಒಳ್ಳೆ ಪ್ರಮಾಣದಲ್ಲಿ.

ಅಲ್ಲಿಂದ ಮರಕ್ಕೆ ಕಷ್ಟಕಾಲ. ಕ್ಯಾಂಪ್ಟೊಥೆಸಿನ್ ಇರೋದು ಕಾಂಡ, ಬೇರು, ತೊಗಟೆಯಲ್ಲಿ. ಹೂವು ಕಿತ್ತ ಹಾಗೆ ಕಿತ್ತುಕೊಂಡು ಬರೋಕೆ ಆಗಲ್ಲ, ಮರವನ್ನೇ ಕಡೀಬೇಕು. ಔಷಧಿಗೆ ಬೇಡಿಕೆ ಏರಿದ ಹಾಗೆ ಪಶ್ಚಿಮ ಘಟ್ಟದಲ್ಲಿ ಈ ಮರ ಕಡಿಮೆಯಾಗ್ತಾ ಬಂತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಬೇರೆ ದಾರಿ ಹುಡುಕಿದ್ದಾರೆ. ಒಂದು, ಎಲ್ಲ ಮರದಲ್ಲೂ ಔಷಧ ಒಂದೇ ಪ್ರಮಾಣದಲ್ಲಿ ಇರಲ್ಲ. ಹೆಚ್ಚು ಇರೋ ಮರ ಗುರುತಿಸಿದ್ರೆ ಅದರಿಂದಲೇ ಸಸಿ ಮಾಡಿ ತೋಟದಲ್ಲಿ ಬೆಳೆಸಬಹುದು, ಕಾಡು ಉಳಿಯುತ್ತೆ. ಇನ್ನೊಂದು, ಮರದ ಒಳಗೆ ವಾಸ ಮಾಡೋ ಕೆಲವು ಶಿಲೀಂಧ್ರಗಳೂ ಇದೇ ವಸ್ತು ಮಾಡ್ತವೆ. ಹಾಗಾದ್ರೆ ದೋಸೆ ಹಿಟ್ಟು ಹುದುಗಿಸಿದ ಹಾಗೆ ಶಿಲೀಂಧ್ರದಿಂದಲೇ ಔಷಧಿ ತೆಗೀಬಹುದಲ್ವಾ? ಆಸೆ ಇತ್ತು. ಆದ್ರೆ ಲ್ಯಾಬಲ್ಲಿ ಕೆಲವು ತಲೆಮಾರು ಬೆಳೆಸೋದ್ರೊಳಗೆ ಶಿಲೀಂಧ್ರ ಆ ವಿದ್ಯೆ ಮರೆತುಬಿಡುತ್ತೆ. ಆ ಗಂಟು ಇನ್ನೂ ಬಿಚ್ಚಿಲ್ಲ.

ಹಾಗಾದ್ರೆ ಕಷಾಯ ಕುಡಿಯಬಹುದಾ?

ನಿಮ್ಮಲ್ಲಿ ಹಲವರು ಕೇಳೋ ಪ್ರಶ್ನೆ ಇದು. ನೇರವಾಗಿ ಹೇಳ್ತೀನಿ.

ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಜೀವಕೋಶ ಕೊಲ್ಲೋದು ದೊಡ್ಡ ವಿಷಯ ಅಲ್ಲ. ತಟ್ಟೆಗೆ ಉಪ್ಪು ಜಾಸ್ತಿ ಹಾಕಿದ್ರೂ ಸಾಯುತ್ತೆ. ಲಕ್ಷ್ಮಣ ಫಲದ ಆ 'ಹತ್ತು ಸಾವಿರ ಪಟ್ಟು' ಅನ್ನೋದು ತಟ್ಟೆಯ ಮಾತು, ಮನುಷ್ಯರಲ್ಲಿ ಕ್ಯಾನ್ಸರ್ ವಾಸಿ ಮಾಡಿದ ಪ್ರಯೋಗ ಇಲ್ಲ. ಅದೂ ಅಲ್ಲದೆ, ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಜಾತಿಯ ಹಣ್ಣು, ಎಲೆ ಕಷಾಯ ಬಹಳ ಬಳಸೋರಲ್ಲಿ ಪಾರ್ಕಿನ್ಸನ್ಸ್ ಥರದ ನರರೋಗಕ್ಕೂ ಅದಕ್ಕೂ ನಂಟಿದೆ ಅಂತ ವೈದ್ಯರು ಎಚ್ಚರಿಸಿದ್ದಾರೆ.

"ಕೀಮೋ ಜೊತೆ ಸ್ವಲ್ಪ ಕಷಾಯ ತಗೊಂಡ್ರೆ ಏನಾಗುತ್ತೆ?" ಅಂತ ಕೇಳಬಹುದು. ಸೇಂಟ್ ಜಾನ್ಸ್ ವರ್ಟ್ ಅನ್ನೋ ಮೂಲಿಕೆಯನ್ನ ವಿದೇಶದಲ್ಲಿ ಮನಸ್ಸಿನ ಬೇಸರಕ್ಕೆ ತಗೋತಾರೆ. 2002ರಲ್ಲಿ ನೆದರ್‌ಲೆಂಡ್ಸ್‌ನ ಒಂದು ಸಣ್ಣ ಅಧ್ಯಯನದಲ್ಲಿ, ಇರಿನೋಟೆಕಾನ್ ಜೊತೆ ಇದನ್ನ ತಗೊಂಡವರ ರಕ್ತದಲ್ಲಿ ಎಸ್‌ಎನ್‌-38 ಶೇ 42ರಷ್ಟು ಕುಸಿದಿತ್ತು. ಡ್ರಿಪ್ ಹಾಕಿಸ್ಕೊಂಡು, ಕಷ್ಟ ಅನುಭವಿಸಿ, ಔಷಧಿಯ ಬಲ ಮಾತ್ರ ಸಿಗದ ಹಾಗೆ ಆಗೋದು ಅಂದ್ರೆ ಇದೇ.

ಇನ್ನು ಕೀಮೋ ಪೂರ್ತಿ ಬಿಟ್ಟವರ ಕಥೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು, ಬೇರೆ ಕಡೆ ಹರಡದ ಕ್ಯಾನ್ಸರ್ ಇದ್ದೂ ಪರ್ಯಾಯ ಚಿಕಿತ್ಸೆಯನ್ನಷ್ಟೇ ನಂಬಿದ 281 ಜನರನ್ನ, ಮಾಮೂಲಿ ಚಿಕಿತ್ಸೆ ಪಡೆದವರ ಜೊತೆ ಹೋಲಿಸಿದ್ರು. ಸಾಯೋ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತು. ಕರುಳಿನ ಕ್ಯಾನ್ಸರ್‌ನಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು.

ಅತ್ತೆಗೆ ನಾನು ಈ ಅಂಕಿ ಸಂಖ್ಯೆ ಯಾವುದನ್ನೂ ಹೇಳಲಿಲ್ಲ. "ಅತ್ತೆ, ನೀವು ತಗೋತಿರೋದೇ ಮರದ ಔಷಧಿ. ನಮ್ಮ ಕಾಡಲ್ಲೂ ಅದರ ನೆಂಟ ಇದಾನೆ. ಬರೀ ಡೋಸ್ ಸರಿಮಾಡಿಸೋಣ" ಅಂದೆ. ಅವರು ಒಂದು ನಿಮಿಷ ಸುಮ್ಮನಿದ್ದು, "ಆ ನಾರೋ ಮರವಾ?" ಅಂತ ಕೇಳಿದ್ರು. ಮರುದಿನ ಆಸ್ಪತ್ರೆಗೆ ಹೋದ್ವಿ. ಭೇದಿ ಎಷ್ಟು ಸಲ ಆಯ್ತು ಅಂತ ಅವರು ಡಾಕ್ಟರ್‌ಗೆ ಅಲ್ಲೀವರೆಗೂ ಹೇಳಿರಲೇ ಇಲ್ಲ, ನಾಚಿಕೆ. ಹೇಳಿದ ಮೇಲೆ ಒಂದು ವಾರ ತಡೆದು, ಡೋಸ್ ಇಳಿಸಿ, ಭೇದಿ ಶುರುವಾದ ತಕ್ಷಣ ತಗೊಳ್ಳೋಕೆ ಲೋಪೆರಮೈಡ್ ಮಾತ್ರೆ ಬರೆದುಕೊಟ್ರು. ಉಳಿದ ಡ್ರಿಪ್‌ಗಳನ್ನ ಅವರು ಮುಗಿಸಿದ್ರು. ಸುಲಭವಾಗಿತ್ತು ಅಂತ ಹೇಳಲ್ಲ. ತಡ್ಕೊಳ್ಳೋ ಹಾಗಿತ್ತು.

ಹಾಗಾಗಿ, ನಿಮ್ಮ ಮನೇಲಿ ಯಾರಾದ್ರೂ ಕೀಮೋದಲ್ಲಿದ್ರೆ ನಾಲ್ಕು ಕೆಲಸ ಮಾಡಿ. ಔಷಧಿಯ ಹೆಸರು ಫೋನಲ್ಲಿ ಬರೆದಿಟ್ಕೊಳ್ಳಿ. ವಾಂತಿ, ಭೇದಿ, ಜ್ವರ ಎಷ್ಟು ಸಲ ಅಂತ ದಿನಾ ನೋಟ್ ಮಾಡಿ, ನಾಚಿಕೊಳ್ಳದೆ ಡಾಕ್ಟರ್‌ಗೆ ತೋರಿಸಿ. ಜ್ವರ ಬಂದ್ರೆ, ಭೇದಿ ನಿಲ್ಲದಿದ್ರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ. ಕಷಾಯ, ಪುಡಿ, ಮಾತ್ರೆ ಏನೇ ತಗೊಂಡ್ರೂ ಮುಚ್ಚಿಡದೆ ಹೇಳಿ.

ಗಿಡದಿಂದ ಬಂತು ಅನ್ನೋ ಕಾರಣಕ್ಕೆ ಔಷಧಿ ಸೌಮ್ಯ ಆಗಲ್ಲ. ಅದನ್ನ ಸೌಮ್ಯ ಮಾಡಿದ್ದು 1966ರಿಂದ ಇವತ್ತಿನವರೆಗೂ ಉಂಗುರ ಎಣಿಸಿ, ಡೋಸ್ ಅಳೆದು, ವಿಳಾಸ ಬರೆದ ಜನ. ಆ ಕೆಲಸ ಇನ್ನೂ ಮುಗಿದಿಲ್ಲ.

ಈ ಸಂಚಿಕೆ ಇಷ್ಟ ಆದ್ರೆ ಮನೆ ಗ್ರೂಪಿಗೆ ಫಾರ್ವರ್ಡ್ ಮಾಡಿ, ಲಕ್ಷ್ಮಣ ಫಲದ ಫಾರ್ವರ್ಡ್ ಬಂದ ಜಾಗಕ್ಕೇ.